ಪಡಸಾಲೆಯ ಗೋಡೆಗೆ ಬಾರದ ಫೋಟೋಗಳು

ಮೋಟೆಬೆನ್ನೂರು, ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಕಡೆಯ ಮನೆಗಳಿಂದ ಓದಿಗೆಂದು, ದುಡಿಮೆಗೆಂದು ಊರು ಬಿಟ್ಟ ಅಣ್ಣಂದಿರಿಗೆ, ಅಕ್ಕಂದಿರಿಗೆ, ತಮ್ಮ ತಂಗಿಯರಿಗೆ ನಮಸ್ಕಾರ.

ಪ್ರತಿ ದೀಪಾವಳಿಗೆ ನೀವು ಬರುತ್ತೀರಿ. ಬೆಂಗಳೂರಿನಿಂದ ರಾತ್ರಿ ಹೊರಟ ಬಸ್ಸು ನಸುಕಿನಲ್ಲಿ ನಿಮ್ಮನ್ನು ಹೆದ್ದಾರಿ ಬದಿಗೆ ಇಳಿಸಿ ಹುಬ್ಬಳ್ಳಿ ಕಡೆ ಹೋಗುತ್ತದೆ. ಅಲ್ಲಿಂದ ಮೂರು ದಿನ ಓಣಿಯಲ್ಲಿ ಫೋಟೋಗಳ ಸುಗ್ಗಿ. ಕೊರಳಿಗೆ ಕೊಬ್ಬರಿ ಹಾರ ಕಟ್ಟಿದ ಹೋರಿ ಜನರ ನಡುವೆ ನುಗ್ಗಿದ್ದು, ಹುಡುಗರು ಅದರ ಹಿಂದೆ ಓಡಿದ್ದು, ಒಲೆ ಮುಂದೆ ಕೂತ ಅವ್ವ ಸೆರಗು ಅಡ್ಡ ಹಿಡಿದು ‘ನಂದ್ಯಾಕ ಬಿಡಪಾ ಫೋಟೋ’ ಅಂದದ್ದು, ಎಲ್ಲವೂ ಫೋನಿನೊಳಗೆ. ನಾಲ್ಕನೇ ದಿನ ನೀವು ಬಸ್ಸು ಹತ್ತುತ್ತೀರಿ, ನಿಮ್ಮ ಜೊತೆ ಫೋಟೋಗಳೂ ಹತ್ತುತ್ತವೆ. ಮತ್ತೆ ಅವು ಊರಿಗೆ ಮರಳುವುದು ಕಡಿಮೆ. ಮರಳಿದರೂ ಅರ್ಧ ಜೀವ ಕಳೆದುಕೊಂಡು ಮರಳುತ್ತವೆ.

ಎರಡು ವಾರದ ಮೇಲೆ ಊರಿಂದ ಒಂದು ಕರೆ ಹೋಗುತ್ತದೆ. ‘ತಮ್ಮಾ, ನೀ ಕಳಿಸಿದ್ದು ತೆರೀವಲ್ದು. ಬಿಳೇ ಚೌಕ ಬರ್ತತಿ ಅಷ್ಟ.’ ಅತ್ತಲಿಂದ ಉತ್ತರ: ‘ನನ್ನ ಫೋನಿನ್ಯಾಗ ಚಲೋ ಕಾಣತಾವಲ್ಲ ಕಾಕಾ.’ ಮಾತು ಅಲ್ಲಿಗೆ ನಿಲ್ಲುತ್ತದೆ. ಯಾರದೂ ಸುಳ್ಳಲ್ಲ. ಒಬ್ಬರ ಯಂತ್ರಕ್ಕೆ ಚಲೋ ಕಂಡದ್ದು ಇನ್ನೊಬ್ಬರ ಯಂತ್ರಕ್ಕೆ ಕಾಣುವುದೇ ಇಲ್ಲ. ಈ ಪತ್ರ ಇರುವುದು ಅದರ ಬಗ್ಗೆ.

ಈ ಸೀಮೆಯ ಯಾವ ಮನೆಯನ್ನಾದರೂ ಎಣಿಸಿ ನೋಡಿ. ಹಿರಿ ಮಗಳ ಕೈಯಲ್ಲಿ ಐಫೋನು, ಮೇಜಿನ ಮೇಲೆ ಮ್ಯಾಕ್. ಮಗನದು ಕಂಪನಿ ಕೊಟ್ಟ ವಿಂಡೋಸ್ ಲ್ಯಾಪ್‌ಟಾಪು. ಪ್ರೌಢಶಾಲೆಯಲ್ಲಿ ಪಾಠ ಹೇಳುವ ಅಳಿಯನ ಬಳಿ ಉಬುಂಟು ಎಂಬ ಲಿನಕ್ಸ್ ಇರಬಹುದು. ರಾಜ್ಯ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಕರ್ನಾಟಕದ ಎಷ್ಟೋ ಮೇಷ್ಟ್ರುಗಳು ಕಂಪ್ಯೂಟರ್ ಕಲಿತದ್ದೇ ಉಬುಂಟುವಿನ ಮೇಲೆ. ಊರಲ್ಲಿ ಉಳಿದ ತಮ್ಮನದು ಆಂಡ್ರಾಯ್ಡ್. ಅಪ್ಪನದು ಮಗ ಹೊಸದು ಕೊಂಡಾಗ ಇಳಿದು ಬಂದ ಹಳೇ ಆಂಡ್ರಾಯ್ಡ್. ಫೋಟೋ ಅಚ್ಚು ಹಾಕಿಸಬೇಕೆಂದರೆ ಪೇಟೆಯ ಸ್ಟುಡಿಯೋ. ಅಲ್ಲಿಯೂ ಹಳೆಯ ವಿಂಡೋಸ್ ಇನ್ನೂ ದುಡಿಯುತ್ತಿದ್ದರೆ ಅಚ್ಚರಿಯಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿತು, ಆದರೆ ಓಡುವ ಎತ್ತನ್ನು ಯಾರು ಮಾರುತ್ತಾರೆ?

ಬಿಳೇ ಚೌಕದ ಗುಟ್ಟು ದೊಡ್ಡದೇನಲ್ಲ. ಫೋಟೋ ಎಂದರೆ 1992ರಲ್ಲಿ ಬಂದ ಜೆಪಿಜಿ ಎಂಬುದು ಎಲ್ಲ ಯಂತ್ರಗಳೂ ಒಪ್ಪಿಕೊಂಡ ರೂಢಿ. 2017ರಲ್ಲಿ ಐಫೋನಿನ ಐಒಎಸ್ 11 ಬಂದಾಗ ಆಪಲ್ ದಾರಿ ಬದಲಿಸಿತು. ಐಫೋನ್ 7 ಮತ್ತು ಮುಂದಿನವು ಎಚ್‌ಇಐಸಿ ಎಂಬ ಬೇರೆ ಬಗೆಯ ಕಡತದಲ್ಲಿ ಫೋಟೋ ಉಳಿಸತೊಡಗಿದವು. ಅದೇ ಗುಣಮಟ್ಟ ಸುಮಾರು ಅರ್ಧ ಜಾಗದಲ್ಲಿ ಹಿಡಿಯುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ಇದು ಆಪಲ್ ಮನೆಯಲ್ಲೇ ಹುಟ್ಟಿದ್ದೂ ಅಲ್ಲ, ಚಲನಚಿತ್ರ ಕಡತಗಳ ನಿಯಮ ರೂಪಿಸುವ ಎಂಪೆಗ್ ತಂಡದ್ದು. ತೊಡಕಿರುವುದು ಒಳಗಿನ ಎಚ್‌ಇವಿಸಿ ತಂತ್ರದಲ್ಲಿ. ಅದರ ಮೇಲೆ ಹಲವು ಕಂಪನಿಗಳ ಪೇಟೆಂಟುಗಳಿವೆ. ಹಾಗಾಗಿ ವಿಂಡೋಸ್‌ನಲ್ಲಿ ಈ ಕಡತ ತೆರೆಯಲು ಮೈಕ್ರೋಸಾಫ್ಟ್ ಸ್ಟೋರಿನಿಂದ ಬೇರೆ ವಿಸ್ತರಣೆ ಹಾಕಿಕೊಳ್ಳಬೇಕಾಗುತ್ತದೆ, ಎಚ್‌ಇವಿಸಿಯದಕ್ಕೆ ಪುಡಿಗಾಸನ್ನೂ ಕೇಳುತ್ತಾರೆ. ಎಪ್ಪತ್ತರ ಅಜ್ಜ ಆನ್‌ಲೈನಿನಲ್ಲಿ ಕಾರ್ಡ್ ಕೊಟ್ಟು ವಿಸ್ತರಣೆ ಕೊಂಡು ಮೊಮ್ಮಗಳ ಜವಳದ ಫೋಟೋ ನೋಡಲಿ ಎಂದು ಯಾರೂ ಬಯಸಿರಲಿಕ್ಕಿಲ್ಲ. ಆದರೆ ಫೋನನ್ನು ಅದರ ಪಾಡಿಗೆ ಬಿಟ್ಟರೆ ಆಗುವುದು ಇದೇ.

ಇದಕ್ಕೆ ಕಳಿಸುವವರ ಕಡೆ ಬೇಕಾದದ್ದು ಅರ್ಧ ನಿಮಿಷ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅದರಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’. ಅಲ್ಲಿಂದ ಮುಂದೆ ಫೋನು ಜೆಪಿಜಿಯನ್ನೇ ಉಳಿಸುತ್ತದೆ. ಜಾಗ ಹೆಚ್ಚು ಬೇಕು, ನಿಜ. ಊರಿಗೆ ಬರುವ ಹಬ್ಬದ ಮೂರು ದಿನವಾದರೂ ಹಾಗಿಡಬಹುದಲ್ಲ.

ಎಷ್ಟು ವರ್ಷವಾದರೂ ತೆರೆಯುವ ಫೋಟೋ ಹೇಗಿರುತ್ತದೆ ಎಂಬುದಕ್ಕೆ ಮೋಟೆಬೆನ್ನೂರಿನವರಿಗೆ ಒಂದು ಮಾತು ನೆನಪಿಸಬೇಕು. ಈ ಊರಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರು 1930ರ ಮಾರ್ಚ್ 12ರಂದು ಸಾಬರಮತಿಯಿಂದ ಗಾಂಧೀಜಿ ಜೊತೆ ದಂಡಿಗೆ ಹೊರಟವರಲ್ಲಿ ಒಬ್ಬರು, ಆ ತಂಡದಲ್ಲಿದ್ದ ಏಕೈಕ ಕನ್ನಡಿಗ. ವಯಸ್ಸು ಆಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರ ಜೊತೆ ಗುಂಡಿಗೆ ಬಲಿಯಾದರು. ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿದೆ. ದಂಡಿ ಯಾತ್ರೆಯ ಛಾಯಾಚಿತ್ರಗಳನ್ನು ಇವತ್ತು ಯಾರು ಬೇಕಾದರೂ ನೋಡಬಹುದು; ತೊಂಬತ್ತು ವರ್ಷ ದಾಟಿದ ಕಾಗದದ ಪ್ರತಿಯನ್ನು ಕಿಟಕಿ ಬೆಳಕಿಗೆ ಹಿಡಿದರೆ ಸಾಕು. ಯಾವ ಕಂಪನಿಯ ಕ್ಯಾಮೆರಾದಿಂದ ತೆಗೆದದ್ದು ಎಂದು ಕಾಗದ ಕೇಳುವುದಿಲ್ಲ. ಹೋದ ವರ್ಷದ ಕುಬಸದ ಫೋಟೋಕ್ಕೆ ಮಾತ್ರ ಆ ಅನುಕೂಲ ಇಲ್ಲ.

ಈಗ ವಾಟ್ಸ್ಯಾಪಿಗೆ ಬರೋಣ. ನೀವು ಹೇಳುವುದು ಗೊತ್ತು: ‘ಎಲ್ಲಾ ಗ್ರೂಪಿಗೆ ಹಾಕೇವಲ್ಲ.’ ಹೌದು, ಹಾಕಿದ್ದೀರಿ. ಮನೆತನದ ಗ್ರೂಪಿನಲ್ಲಿ ‘ಶುಭ ಮುಂಜಾನೆ’ಯ ಗುಲಾಬಿ ಹೂಗಳ ನಡುವೆ ಎಲ್ಲೋ ಅವು ಇವೆ. ವಾಟ್ಸ್ಯಾಪಿನ ಒಂದು ಉಪಕಾರವನ್ನು ಒಪ್ಪಲೇಬೇಕು. ಐಫೋನಿನ ಎಚ್‌ಇಐಸಿಯನ್ನು ಅದು ತಾನೇ ಜೆಪಿಜಿ ಮಾಡಿ ದಾಟಿಸುತ್ತದೆ, ಯಾವ ಫೋನಿನಲ್ಲಿಯೂ ತೆರೆಯುತ್ತದೆ. ಆದರೆ ಕೂಲಿ ವಸೂಲಿ ಮಾಡದೆ ಬಿಡುವುದಿಲ್ಲ. 12 ಮೆಗಾಪಿಕ್ಸೆಲ್ಲಿನ ಫೋಟೋ ಎಂದರೆ ಉದ್ದಕ್ಕೆ 4,032 ಚುಕ್ಕಿ, ಅಗಲಕ್ಕೆ 3,024. ವಾಟ್ಸ್ಯಾಪ್ ಮಾಮೂಲಿ ರೀತಿಯಲ್ಲಿ ಕಳಿಸಿದಾಗ ಉದ್ದ ಸುಮಾರು 1,600ಕ್ಕೆ ಇಳಿಯುತ್ತದೆ. ಬ್ಯಾಡಗಿಯವರಿಗೆ ಇದನ್ನು ಬೇರೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಮೆಣಸಿನಕಾಯಿಯನ್ನು ಒಣಹಾಕಿದರೆ ತೂಕ ಇಳಿಯುತ್ತದೆ, ಬಣ್ಣ ಉಳಿಯುತ್ತದೆ. ಡಬ್ಬಿ ತಳಿ ಇರಲಿ, ಕಡ್ಡಿ ತಳಿ ಇರಲಿ, ಬೆಲೆ ಬರುವುದೇ ಆ ಬಣ್ಣಕ್ಕೆ, 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಕಾಯಿ ಅದು. ವಾಟ್ಸ್ಯಾಪ್ ಒಣಗಿಸುವಾಗ ತೂಕದ ಜೊತೆ ಬಣ್ಣವನ್ನೂ ತೆಗೆದುಕೊಂಡು ಹೋಗುತ್ತದೆ.

ಫೋನಿನ ಗಾಜಿನ ಮೇಲೆ ಆ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಬೀಳುವುದು ಬೇರೊಂದು ದಿನ.

ಮನೆಯ ಹಿರಿಯರು ತೀರಿಕೊಂಡ ರಾತ್ರಿ ಅದು. ಬೆಳಗಾಗುವುದರೊಳಗೆ ಶ್ರದ್ಧಾಂಜಲಿಯ ಫ್ಲೆಕ್ಸ್ ಆಗಬೇಕು, ಪಡಸಾಲೆಯಲ್ಲಿ ಹಾರ ಹಾಕಲು ಕಟ್ಟು ಹಾಕಿದ ಫೋಟೋ ಬೇಕು. ‘ಅಪ್ಪಂದು ಒಂದು ಚಲೋ ಫೋಟೋ ಕಳಸ್ರಿ’ ಎಂದು ಎಲ್ಲರಿಗೂ ಸುದ್ದಿ ಹೋಗುತ್ತದೆ. ಹತ್ತು ಫೋನುಗಳಲ್ಲಿ ಹುಡುಕಾಟ. ಸಿಗುವುದು ಯಾರದೋ ಮದುವೆಯ ಗುಂಪು ಫೋಟೋ, ನಾಲ್ಕು ಕೈ ದಾಟಿ ಬಂದದ್ದು. ಅದರಿಂದ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿದರೆ ಮೀಸೆಯೂ ನೆರಳೂ ಕಲೆಸಿಹೋಗುತ್ತವೆ. ಅದೂ ಆಗದಿದ್ದರೆ ಆಧಾರ್ ಕಾರ್ಡಿನ ಫೋಟೋ. ಸ್ಟುಡಿಯೋದವರ ಲೆಕ್ಕ ಸರಳ: 12 ಇಂಚು ಅಗಲ, 18 ಇಂಚು ಉದ್ದದ ಕಟ್ಟಿಗೆ 4,032 ಚುಕ್ಕಿಯ ಫೋಟೋ ಕೊಟ್ಟರೆ ಇಂಚಿಗೆ 224 ಚುಕ್ಕಿ ಬೀಳುತ್ತವೆ, ಅಚ್ಚು ನಿಚ್ಚಳ. ವಾಟ್ಸ್ಯಾಪಿನ 1,600ರದು ಕೊಟ್ಟರೆ ಇಂಚಿಗೆ 89. ಮುಖ ಕತ್ತರಿಸಿ ತೆಗೆದ ಮೇಲೆ ಅದರ ಕಾಲು ಭಾಗವೂ ಉಳಿಯುವುದಿಲ್ಲ. ಅಪ್ಪ ಹೊಲದ ಬದುವಿನಲ್ಲಿ ನಿಂತು ನಗುತ್ತಿದ್ದ, ಸೀಗಿ ಹುಣ್ಣಿಮೆಯ ದಿನ ಚರಗ ಚೆಲ್ಲುವಾಗ ತೆಗೆದ ಆ ನಿಚ್ಚಳ ಫೋಟೋ ಇದ್ದೇ ಇತ್ತು. ಇದ್ದದ್ದು ಪುಣೆಯಲ್ಲೋ ಡಲ್ಲಾಸಿನಲ್ಲೋ ಇರುವ ಒಬ್ಬರ ಫೋನಿನಲ್ಲಿ, ಅಷ್ಟು ಹೊತ್ತಿಗೆ ಅವರು ವಿಮಾನದಲ್ಲಿದ್ದರು.

ಗುಣಮಟ್ಟ ಕೆಡದಂತೆ ಕಳಿಸುವ ದಾರಿ ವಾಟ್ಸ್ಯಾಪಿನಲ್ಲೇ ಇದೆ. 2023ರ ಆಗಸ್ಟಿನಿಂದ ಎಚ್‌ಡಿ ಎಂಬ ಗುಂಡಿ ಬಂದಿದೆ, ಅದು ಸ್ವಲ್ಪ ವಾಸಿ. ಪೂರ್ತಿ ಮೂಲ ಹಾಗೆಯೇ ಹೋಗಬೇಕೆಂದರೆ ಫೋಟೋವನ್ನು ‘ಡಾಕ್ಯುಮೆಂಟ್’ ಎಂದು ಲಗತ್ತಿಸಬೇಕು, 2 ಜಿಬಿಯವರೆಗೆ ದಾಟುತ್ತದೆ. ಇಲ್ಲೊಂದು ಮೋಜು ಇದೆ. ಐಫೋನಿನವರು ಹೀಗೆ ಕಳಿಸಿದರೆ ವಾಟ್ಸ್ಯಾಪ್ ಬದಲಾವಣೆ ಮಾಡದೆ ಎಚ್‌ಇಐಸಿಯನ್ನೇ ದಾಟಿಸಿಬಿಡುತ್ತದೆ, ಇತ್ತ ಕಾಕಾನ ಹಳೇ ಯಂತ್ರದಲ್ಲಿ ಮತ್ತೆ ಅದೇ ಬಿಳೇ ಚೌಕ. ಮೇಲೆ ಹೇಳಿದ ಸೆಟ್ಟಿಂಗು ಮೊದಲು, ಡಾಕ್ಯುಮೆಂಟ್ ಆಮೇಲೆ.

ವಾಟ್ಸ್ಯಾಪ್ ಇನ್ನೊಂದನ್ನೂ ಸದ್ದಿಲ್ಲದೆ ಕಳಚಿಡುತ್ತದೆ. ಡಿಜಿಟಲ್ ಫೋಟೋದ ಒಡಲೊಳಗೆ ಒಂದು ಚೀಟಿ ಇರುತ್ತದೆ: ತೆಗೆದ ದಿನ, ತಾಸು, ಕ್ಯಾಮೆರಾ, ಕೆಲವೊಮ್ಮೆ ಜಾಗ. ಎಕ್ಸಿಫ್ ಎಂಬ ಈ ಪದ್ಧತಿಯನ್ನು ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದವರು 1995ರಲ್ಲಿ ತಂದರು. ಫೋಟೋ ಎಂದು ಕಳಿಸಿದಾಗ ವಾಟ್ಸ್ಯಾಪ್ ಆ ಚೀಟಿ ಕಿತ್ತು ಕಳಿಸುತ್ತದೆ, ಉಳಿಯುವುದು ಕಡತದ ಹೆಸರಿನಲ್ಲಿ ಅದು ತಲುಪಿದ ದಿನ ಮಾತ್ರ. 2009ರ ಮದುವೆಯ ಫೋಟೋವನ್ನು ಯಾರೋ ಮೊನ್ನೆ ಕಳಿಸಿದರೆ ತಮ್ಮನ ಫೋನಿನಲ್ಲಿ ಮದುವೆ ಮೊನ್ನೆಯೇ ಆಗಿರುತ್ತದೆ. ಟ್ರಂಕಿನಲ್ಲಿರುವ ಕಪ್ಪು ಬಿಳುಪು ಫೋಟೋಗಳ ಹಿಂದೆ ಅಜ್ಜ ಶಾಯಿಯಲ್ಲಿ ಬರೆದಿಟ್ಟ ತಾರೀಖು ಇದ್ದರೆ ಅದು ಇನ್ನೂ ಅಲ್ಲೇ ಇರುತ್ತದೆ.

ಚೀಟಿ ಉಳಿದರೂ ಅದು ಖರೇ ಹೇಳುತ್ತದೆ ಎಂದಲ್ಲ. ಕ್ಯಾಲಿಫೋರ್ನಿಯಾದಿಂದ ಬಂದ ಅಳಿಯ ದೊಡ್ಡ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಜನವರಿಯ ಮದುವೆಯಲ್ಲಿ ಓಡಾಡಿದ ಎಂದುಕೊಳ್ಳಿ. ಕ್ಯಾಮೆರಾದ ಗಡಿಯಾರ ತಿರುಗಿಸಲು ಮರೆತಿದ್ದಾನೆ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಹದಿಮೂರೂವರೆ ತಾಸು ಹಿಂದೆ. ಬೆಳಿಗ್ಗೆ ಹನ್ನೊಂದಕ್ಕೆ ಬಿದ್ದ ಅಕ್ಕಿಕಾಳು ಅವನ ಫೋಟೋಗಳಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆಗೆ ಬಿದ್ದಿರುತ್ತದೆ. ತಮ್ಮನ ಫೋನಿನವೂ ಅವನವೂ ಒಂದೇ ಕಡೆ ಸೇರಿಸಿ ಕಂಪ್ಯೂಟರು ಹೊತ್ತಿನ ಪ್ರಕಾರ ಜೋಡಿಸಿದರೆ, ಸುರಗಿ ನೀರು ಹಾಕುವ ಮೊದಲೇ ತಾಳಿ ಕಟ್ಟಿ ಆಗಿರುತ್ತದೆ. ಎಕ್ಸಿಫ್‌ನಲ್ಲಿ ಯಾವ ದೇಶದ ಸಮಯ ಎಂದು ಬರೆಯಲು ಜಾಗ ಬಂದದ್ದೇ 2016ರಲ್ಲಿ. ಕ್ಯಾಮೆರಾ ತಂದವರು ವಿಮಾನ ಇಳಿದ ಕೂಡಲೇ ಕೈಗಡಿಯಾರ ತಿರುಗಿಸುವಾಗ ಅದನ್ನೂ ತಿರುಗಿಸಿದರೆ ಮುಗಿಯಿತು.

ದೊಡ್ಡ ಕ್ಯಾಮೆರಾಗಳದು ಇನ್ನೊಂದು ಚಾಳಿ. ಅವು ಕಡತಕ್ಕೆ ಕೊಡುವ ಹೆಸರಿನ ಕೊನೆಯಲ್ಲಿ ನಾಲ್ಕೇ ಅಂಕಿ, 9999 ಮುಗಿದರೆ ಮತ್ತೆ 0001. ಒಂದೇ ಕಂಪನಿಯ ಎರಡು ಕ್ಯಾಮೆರಾಗಳ ಫೋಟೋಗಳನ್ನು ಒಂದೇ ಫೋಲ್ಡರಿಗೆ ಸುರಿದಾಗ ಕಂಪ್ಯೂಟರು ‘ಇದೇ ಹೆಸರಿನದು ಇದೆ, ಬದಲಿಸಲೇ?’ ಎನ್ನುತ್ತದೆ. ಅವಸರದಲ್ಲಿ ಹೂಂ ಅಂದವರ ಮನೆಯಲ್ಲಿ ಬೀಗರ ಊಟದ ಫೋಟೋಗಳೇ ಇಲ್ಲವಾಗುತ್ತವೆ.

ಪೆನ್‌ಡ್ರೈವಿನ ಕಥೆ ನೋಡಿ. ಹೋರಿ ಹಬ್ಬದ ವಿಡಿಯೋ ಈಗ ಎಲ್ಲರಿಗೂ 4ಕೆಯಲ್ಲೇ ಬೇಕು. ಐಫೋನಿನಲ್ಲಿ 4ಕೆ, ಸೆಕೆಂಡಿಗೆ 60 ಚೌಕಟ್ಟು ಎಂದಿಟ್ಟರೆ ನಿಮಿಷಕ್ಕೆ ಸುಮಾರು 400 ಎಂಬಿ. ಅಖಾಡದ ಹನ್ನೊಂದು ನಿಮಿಷ ಬಿಡದೆ ಹಿಡಿದರೆ 4 ಜಿಬಿ ದಾಟಿತು. ಪೇಟೆಯಲ್ಲಿ ಕೊಂಡ 32 ಜಿಬಿಯ ಪೆನ್‌ಡ್ರೈವಿಗೆ ಅದನ್ನು ಹಾಕಹೋದರೆ ಜಾಗ ಖಾಲಿ ಇದ್ದರೂ ‘ಕಡತ ತುಂಬ ದೊಡ್ಡದು’ ಎನ್ನುತ್ತದೆ. ಕಾರಣ ಅದು ಫ್ಯಾಟ್32 ಎಂಬ ಹಳೇ ಪದ್ಧತಿಯಲ್ಲಿ ಸಿದ್ಧವಾಗಿ ಬಂದಿರುತ್ತದೆ, ಅದರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಸರಿ, ವಿಂಡೋಸಿನ ಎನ್‌ಟಿಎಫ್‌ಎಸ್‌ಗೆ ಬದಲಿಸಿದರೆ? ಅಕ್ಕನ ಮ್ಯಾಕ್ ಅದನ್ನು ಓದುತ್ತದೆ, ಬರೆಯಲು ಒಪ್ಪುವುದಿಲ್ಲ. ಮ್ಯಾಕಿನ ಪದ್ಧತಿಗೆ ಬದಲಿಸಿದರೆ ವಿಂಡೋಸ್ ಅದರ ಕಡೆ ತಿರುಗಿಯೂ ನೋಡದೆ ‘ಫಾರ್ಮ್ಯಾಟ್ ಮಾಡಲೇ?’ ಎನ್ನುತ್ತದೆ. ಅಲ್ಲಿ ಮಾತ್ರ ಹೂಂ ಅನ್ನಬಾರದು.

ಮೂವರಿಗೂ ಒಗ್ಗುವುದು ಎಕ್ಸ್‌ಫ್ಯಾಟ್. ಮೈಕ್ರೋಸಾಫ್ಟ್ ಇದನ್ನು 2006ರಲ್ಲಿ ತಂದಿತು, ಮ್ಯಾಕ್ 2010ರಲ್ಲಿ ಒಪ್ಪಿಕೊಂಡಿತು. ಲಿನಕ್ಸಿನವರಿಗೆ ಪೇಟೆಂಟಿನ ಅಡ್ಡಗೋಡೆ ಇತ್ತು. 2019ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಅದರ ನಿರೂಪಣೆಯನ್ನು ಬಹಿರಂಗಪಡಿಸಿದ ಮೇಲೆ ಲಿನಕ್ಸಿನ ಒಡಲಿಗೂ ಸೇರಿತು. ಇವತ್ತು ಹೊಸದಾಗಿ ಕೊಂಡ ಪೆನ್‌ಡ್ರೈವನ್ನು ಖಾಲಿ ಇರುವಾಗಲೇ ಒಮ್ಮೆ ಎಕ್ಸ್‌ಫ್ಯಾಟಿಗೆ ಫಾರ್ಮ್ಯಾಟ್ ಮಾಡಿದರೆ ಅಕ್ಕನ ಮ್ಯಾಕ್, ಅಣ್ಣನ ವಿಂಡೋಸ್, ಮೇಷ್ಟ್ರ ಉಬುಂಟು ಮೂರೂ ಅದರಲ್ಲಿ ಓದಿ ಬರೆಯುತ್ತವೆ. ಪಡಸಾಲೆಯ ಹೊಸ ಟಿವಿಗಳೂ ಬಹುಪಾಲು ಓದುತ್ತವೆ. ಒಂದೇ ಮನೆಯಲ್ಲಿ ಎಲ್ಲರೂ ಕೂಡಿದಾಗ ಪೆನ್‌ಡ್ರೈವೂ ಬೇಡ. ಲೋಕಲ್‌ಸೆಂಡ್ ಎಂಬ ಉಚಿತ ತಂತ್ರಾಂಶ ಐಫೋನು, ಆಂಡ್ರಾಯ್ಡು, ಮ್ಯಾಕ್, ವಿಂಡೋಸ್, ಲಿನಕ್ಸ್ ಐದರಲ್ಲೂ ನಡೆಯುತ್ತದೆ. ಒಬ್ಬರ ಹಾಟ್‌ಸ್ಪಾಟಿಗೆ ಎಲ್ಲರೂ ಸೇರಿದರೆ ಸಾಕು, ಇಂಟರ್‌ನೆಟ್ ಇಲ್ಲದೆಯೂ ಮೂಲ ಫೋಟೋಗಳು ಚುಕ್ಕಿ ಕಡಿಮೆಯಾಗದೆ ದಾಟುತ್ತವೆ. ಐಫೋನಿನವರು ಏರ್‌ಡ್ರಾಪಿನಲ್ಲಿ ತಮ್ಮತಮ್ಮಲ್ಲೇ ಹಂಚಿಕೊಂಡು ಆಂಡ್ರಾಯ್ಡಿನ ತಮ್ಮನಿಗೆ ‘ನಿಂಗ ಆಮ್ಯಾಲೆ ಕಳಸ್ತೀವಿ’ ಎನ್ನುವ ಪಂಕ್ತಿಭೇದ ಸಾಕು.

ಮೇಷ್ಟ್ರ ಉಬುಂಟುವಿನಲ್ಲಿ ಕಾಣಿಸುವ ಒಂದು ಚೋದ್ಯವನ್ನು ಮೋಟೆಬೆನ್ನೂರಿನವರಿಗೆ ಹೇಳದೆ ಬಿಡಲಾಗದು. ಫೋಲ್ಡರಿಗೆ ಕನ್ನಡದಲ್ಲೇ ‘ಮೋಟೆಬೆನ್ನೂರು’ ಎಂದು ಹೆಸರಿಟ್ಟು ಅಕ್ಕ ತನ್ನ ಹಳೇ ಮ್ಯಾಕಿನಿಂದ ಜಿಪ್ ಕಟ್ಟಿ ಕಳಿಸುತ್ತಾಳೆ. ಅದೇ ಹೆಸರಿನ ಫೋಲ್ಡರು ವಿಂಡೋಸಿನ ಅಣ್ಣನಿಂದಲೂ ಬರುತ್ತದೆ. ಎರಡನ್ನೂ ಒಂದೇ ಕಡೆ ಬಿಚ್ಚಿದರೆ ಪಕ್ಕಪಕ್ಕದಲ್ಲಿ ಎರಡು ಮೋಟೆಬೆನ್ನೂರು! ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರು ಇರಲು ಕಂಪ್ಯೂಟರು ಬಿಡುವುದಿಲ್ಲವಲ್ಲ? ಬಿಟ್ಟಿದೆ, ಏಕೆಂದರೆ ಅದರ ಲೆಕ್ಕದಲ್ಲಿ ಅವು ಬೇರೆ ಬೇರೆ ಊರು. ಕಂಪ್ಯೂಟರು ಅಕ್ಷರಗಳನ್ನು ಬರೆದಿಡುವ ಯುನಿಕೋಡ್ ಪದ್ಧತಿಯಲ್ಲಿ ‘ಮೋ’ ಅಕ್ಷರದ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ಮೇಲೊಂದು ದೀರ್ಘದ ಗುರುತು ಎಂದು ಮೂರು ತುಂಡು ಮಾಡಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. 2017ರಲ್ಲಿ ಆಪಲ್ ತನ್ನ ಕಡತ ವ್ಯವಸ್ಥೆ ಬದಲಿಸುವವರೆಗೆ ಮ್ಯಾಕ್ ಹೆಸರುಗಳನ್ನು ತುಂಡು ಮಾಡಿಯೇ ಇಡುತ್ತಿತ್ತು. ವಿಂಡೋಸು ಲಿನಕ್ಸುಗಳು ಬರೆದಂತೆ ಬಿಡುತ್ತವೆ. ಹಾವೇರಿಯ ‘ವೇ’ಗೂ ಇದೇ ಪಾಡು. ರಾಣೆಬೆನ್ನೂರು, ಬ್ಯಾಡಗಿಯವರಿಗೆ ಚಿಂತೆಯಿಲ್ಲ, ಆ ಹೆಸರುಗಳಲ್ಲಿ ಒಡೆಯುವ ಅಕ್ಷರ ಇಲ್ಲ. ಕನ್ನಡದಲ್ಲಿ ಹೆಸರಿಡುವುದನ್ನು ಇದಕ್ಕಾಗಿ ಬಿಡಬೇಕಿಲ್ಲ. ಮೊದಲು ವರ್ಷ, ತಿಂಗಳು, ದಿನ ಅಂಕಿಯಲ್ಲಿ ಬರೆದು ಆಮೇಲೆ ಹೆಸರು ಬರೆದರೆ ಎಲ್ಲ ಯಂತ್ರದಲ್ಲಿಯೂ ಒಂದೇ ಸರತಿಯಲ್ಲಿ ನಿಲ್ಲುತ್ತವೆ.

‘ಇಷ್ಟೆಲ್ಲಾ ಯಾಕ, ಕ್ಲೌಡಿಗೆ ಹಾಕೇವಿ, ಲಿಂಕ್ ಕಳಿಸೇವಿ’ ಎನ್ನುವವರು ನಿಮ್ಮಲ್ಲಿ ಬಹಳ. ಐಫೋನಿನಿಂದ ಕಳಿಸುವ ಐಕ್ಲೌಡ್ ಲಿಂಕಿನ ಆಯುಸ್ಸು 30 ದಿನ. ಅಪ್ಪ ಅದನ್ನು ಮುಟ್ಟಿ ನೋಡುವ ಹೊತ್ತಿಗೆ ತಿಂಗಳು ಮುಗಿದಿರುತ್ತದೆ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಉಚಿತದ ಬಾಗಿಲನ್ನು 15 ಜಿಬಿಗೆ ನಿಲ್ಲಿಸಿದೆ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸಬಹುದು ಎಂಬ ನಿಯಮವನ್ನೂ 2023ರಲ್ಲಿ ತಂದಿದೆ. ಮೊಬೈಲ್ ಅಂಗಡಿಯ ಹುಡುಗ ಮಾಡಿಕೊಟ್ಟ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದ ಜಿಮೇಲ್ ಖಾತೆಗಳು ಈ ಸೀಮೆಯಲ್ಲಿ ಎಷ್ಟಿವೆಯೋ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿದಾಗ, 2016ರಲ್ಲಿ ಪಿಕಾಸಾ ಹೋದಾಗ ನಿಮ್ಮ ಕಾಲೇಜಿನ ದಿನಗಳ ಎಷ್ಟು ಫೋಟೋ ಉಳಿಸಿಕೊಂಡಿರಿ, ನೀವೇ ಲೆಕ್ಕ ಹಾಕಿ. ಸ್ಟುಡಿಯೋದವರು ಕೊಟ್ಟ ಮದುವೆಯ ಡಿವಿಡಿ ಬೀರುವಿನಲ್ಲಿದೆ ನಿಜ. ಅದನ್ನು ತೂರಿಸಲು ಬಾಯಿರುವ ಲ್ಯಾಪ್‌ಟಾಪು ಯಾರ ಮನೆಯಲ್ಲಿದೆ?

ಆದ್ದರಿಂದ ಊರಿನವರ ಕೇಳಿಕೆ ಇಷ್ಟು. ಫೋಟೋ ತೆರೆಯುವಂತೆ ಮಾಡುವ ಕೆಲಸ ಕಳಿಸುವವರದು, ಪಡೆಯುವವರದಲ್ಲ. ದುಬಾರಿ ಯಂತ್ರ, ವೇಗದ ಇಂಟರ್‌ನೆಟ್, ತಿಳಿವಳಿಕೆ ಮೂರೂ ಇರುವುದು ನಿಮ್ಮ ಕಡೆ. ಮದುವೆ ಪತ್ರಿಕೆ ಕೊಡುವವರು ಮನೆಬಾಗಿಲಿಗೆ ಹೋಗಿ ಅಕ್ಷತೆ ಇಟ್ಟು ಕೊಡುತ್ತಾರೆ, ‘ಅಚ್ಚಿನ ಅಂಗಡಿಯೊಳಗ ಅದಾವು, ತಗೊಳ್ರಿ’ ಅನ್ನುವುದಿಲ್ಲ.

ಈ ಸಲ ಬರುವಾಗ ಎಕ್ಸ್‌ಫ್ಯಾಟ್ ಮಾಡಿದ ಎರಡು ಪೆನ್‌ಡ್ರೈವು ತನ್ನಿ, ಜೆಪಿಜಿ ಫೋಟೋಗಳನ್ನು ವರ್ಷವಾರು ಹಾಕಿ ತನ್ನಿ. ಒಂದು ಊರ ಮನೆಯ ಟ್ರಂಕಿನಲ್ಲಿ ಹಳೇ ಫೋಟೋಗಳ ಪಕ್ಕದಲ್ಲಿರಲಿ, ಇನ್ನೊಂದು ಬೇರೆ ಊರಿನ ತಂಗಿಯ ಮನೆಯಲ್ಲಿರಲಿ. ಪೆನ್‌ಡ್ರೈವೂ ಚಿರಂಜೀವಿಯಲ್ಲ, ವರ್ಷಕ್ಕೊಮ್ಮೆ ಬಂದಾಗ ತೆರೆದು ನೋಡಿ, ಹೊಸದಕ್ಕೆ ಸುರಿದಿಡಿ. ಹಾಗೆಯೇ ಅಪ್ಪ ಅವ್ವ ಇಬ್ಬರೂ ಇರುವ ಒಂದು ಫೋಟೋವನ್ನು ಮೂಲದಿಂದಲೇ ಪೇಟೆಯ ಸ್ಟುಡಿಯೋಕ್ಕೆ ಕೊಟ್ಟು ಅಚ್ಚು ಹಾಕಿಸಿ, ಅವರೇ ನೋಡಿ ಖುಷಿಪಡುವ ಕಾಲದಲ್ಲಿ.

ಕೊಟ್ಟು ಹೊರಡಬೇಡಿ. ಪಡಸಾಲೆಯ ಟಿವಿಗೆ ಚುಚ್ಚಿ, ತೆರೆಯುತ್ತದೆಯೋ ಇಲ್ಲವೋ ನಿಮ್ಮ ಕಣ್ಣಾರೆ ನೋಡಿ. ತೆರೆದರೆ ಮೊಮ್ಮಗ ರಿಮೋಟು ಒತ್ತುತ್ತ ಹೋಗಲಿ. ಎಲ್ಲೋ ಒಂದು ಕಡೆ ಅಜ್ಜಿ ‘ನಿಂದ್ರು, ಹಿಂದಕ ಹೋಗು, ಅಕಿ ಯಾರು ಗೊತ್ತೇನು?’ ಎಂದು ಕೇಳಿಯೇ ಕೇಳುತ್ತಾಳೆ. ಆಗ ಅವಳು ಹೇಳುವ ಹೆಸರು ಬರೆದುಕೊಳ್ಳಲು ನಿಮ್ಮ ಕೈಯಲ್ಲೊಂದು ಪೆನ್ನಿರಲಿ.

ಇಂತಿ,
ಊರಲ್ಲೇ ಉಳಿದವರ ಪರವಾಗಿ